ದ್ರಾಕ್ಷಿ ಇಲ್ಲಿಯದು, ಬೆಲ್ಲ ಇಲ್ಲಿಯದು. ಬಾಟಲಿ ಮಾತ್ರ ಬೇರೆ ಊರಿನದು

ಕರ್ನಾಟಕದ ಅಬಕಾರಿ ಇತಿಹಾಸದಲ್ಲಿ 2007 ಒಂದು ವಿಚಿತ್ರ ವರ್ಷ. ಆ ವರ್ಷದ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ಮಾರಾಟ ನಿಂತಿತು. ಅದೇ ವರ್ಷ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನೂ ಹೊರಡಿಸಿತು. ಬಡವನ ಪಾಕೀಟನ್ನು ಕಿತ್ತುಕೊಂಡು ಸಿರಿವಂತನ ಬಟ್ಟಲನ್ನು ತುಂಬಿದ ಸರ್ಕಾರವೆಂದು ಗೇಲಿ ಮಾಡುವುದು ಸುಲಭ. ಆದರೆ ನೀತಿಯನ್ನು ರೂಪಿಸಿದವರ ಮನಸ್ಸಿನಲ್ಲಿದ್ದುದು ಕುಡಿಯುವವನಲ್ಲ, ಬೆಳೆಯುವವನು. ವೈನನ್ನು ಮದ್ಯದ ಸಾಲಿನಿಂದ ತುಸು ದೂರವಿರಿಸಿ ತೋಟಗಾರಿಕೆಯ ಉತ್ಪನ್ನವೆಂದು ಕಾಣಬೇಕು, ದ್ರಾಕ್ಷಿ ಬೆಳೆಗಾರನಿಗೆ ಹಣ್ಣಿನ ಬೆಲೆಯ ಜತೆಗೆ ರಸದ ಬೆಲೆಯಲ್ಲಿಯೂ ಪಾಲು ದೊರೆಯಬೇಕು ಎಂಬುದು ಅದರ ಆಶಯವಾಗಿತ್ತು. ಅದಕ್ಕಾಗಿ ಒಂದು ಮಂಡಳಿ ಹುಟ್ಟಿತು. ನಂದಿ ಕಣಿವೆ, ಕೃಷ್ಣಾ ಕಣಿವೆ ಎಂಬ ವೈನ್ ವಲಯಗಳು ಗುರುತಾದವು. ಬಾಗಲಕೋಟೆ ಜಿಲ್ಲೆ ಎರಡನೆಯ ವಲಯಕ್ಕೆ ಸೇರಿತು.

ಈ ನೀತಿಯ ಫಲವೇನೆಂಬುದನ್ನು ಕಡತದ ಹೊರಗೆ ನೋಡಬೇಕೆಂಬ ಆಸೆಯಿಂದ ಕಳೆದ ಫೆಬ್ರುವರಿಯಲ್ಲಿ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳಲ್ಲಿ ಒಂದು ವಾರ ಸುತ್ತಾಡಿದೆ. ನೌಕರಿಯ ಮೊದಲ ವರ್ಷಗಳಲ್ಲಿ ಓಡಾಡಿದ ಸೀಮೆ ಇದು. ಫೆಬ್ರುವರಿ ಒಳ್ಳೆಯ ಕಾಲ. ಕಬ್ಬು ನುರಿಯುವುದು ಮುಗಿಯದಿರುವಾಗಲೇ ದ್ರಾಕ್ಷಿಯ ಕಟಾವು ತೊಡಗಿರುತ್ತದೆ. ಎರಡು ಸಿಹಿರಸಗಳು ಒಂದೇ ರಸ್ತೆಯಲ್ಲಿ ಸಾಗುವುದನ್ನು ಕಾಣಬಹುದು.

ದ್ರಾಕ್ಷಿಯಿಂದಲೇ ಆರಂಭಿಸುತ್ತೇನೆ. ಜಮಖಂಡಿ ತಾಲ್ಲೂಕಿನ ಸಾವಳಗಿ, ತುಂಗಳ ಭಾಗಗಳಲ್ಲಿ ಚಪ್ಪರದ ತೋಟಗಳು ದೂರದವರೆಗೂ ಹಬ್ಬಿವೆ. ಬೆಳೆಯುವುದು ಬಹುಪಾಲು ಬೀಜರಹಿತ ಥಾಮ್ಸನ್ ಮತ್ತು ಅದರ ಸಂತತಿಯ ತಳಿಗಳು. ಏಪ್ರಿಲ್‌ನಲ್ಲೊಮ್ಮೆ, ಅಕ್ಟೋಬರ್‌ನಲ್ಲೊಮ್ಮೆ ಬಳ್ಳಿಯನ್ನು ಸವರಬೇಕು. ಎರಡನೆಯ ಸವರಿಕೆಯ ನಂತರ ಹೂವು, ಕಾಯಿ, ಔಷಧ ಸಿಂಪಡಣೆ, ಆಕಾಶದತ್ತ ನೋಟ. ಹಣ್ಣಾಗುವ ಹೊತ್ತಿಗೆ ಒಂದು ಅಕಾಲಿಕ ಮಳೆ ಬಿದ್ದರೆ ವರ್ಷದ ದುಡಿಮೆ ನೆಲ ಸೇರುತ್ತದೆ. ಇಲ್ಲಿನ ರೈತನೊಬ್ಬ ಇಡೀ ಕೃಷಿ ಅರ್ಥಶಾಸ್ತ್ರವನ್ನು ಒಂದೇ ವಾಕ್ಯದಲ್ಲಿ ಹೇಳಿದ: "ಕಬ್ಬ ಹಚ್ಚಿದ್ರ ಮಲಗಬಹುದ್ರಿ ಸಾಹೇಬ್ರ, ದ್ರಾಕ್ಷಿ ಹಚ್ಚಿದ್ರ ನಿದ್ದಿ ಇಲ್ರಿ."

ಹಾಗೆ ನಿದ್ದೆಗೆಟ್ಟು ಬೆಳೆದ ಹಣ್ಣಿನ ಬಹುಭಾಗ ಹಣ್ಣಾಗಿ ಪೇಟೆಗೆ ಹೋಗುವುದಿಲ್ಲ, ಒಣದ್ರಾಕ್ಷಿಯಾಗುತ್ತದೆ. ಗೊಂಚಲುಗಳನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದಿ, ಶೆಡ್ಡಿನೊಳಗೆ ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಗಳ ಮೇಲೆ ಹರಡುತ್ತಾರೆ. ಸುಮಾರು ಎರಡು ವಾರಗಳಲ್ಲಿ ನಾಲ್ಕು ಕಿಲೋ ಹಣ್ಣು ಒಂದು ಕಿಲೋ ಒಣದ್ರಾಕ್ಷಿಯಾಗಿ ಕುಗ್ಗುತ್ತದೆ. ಆ ಬಳಿಕ ಅದು ಶೀತಲಗೃಹ ಸೇರಿ ಸಾಂಗಲಿ, ತಾಸಗಾಂವ್ ಅಥವಾ ವಿಜಯಪುರದ ವ್ಯಾಪಾರಿಯ ಮಾತಿಗೆ ಕಾಯುತ್ತದೆ. 2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಬಂದಾಗ ಕಟಾವಿಗೆ ಬಂದ ಹಣ್ಣಿಗೆ ಲಾರಿ ಸಿಗಲಿಲ್ಲ. ಶೆಡ್ಡು ಇದ್ದವರು ಒಣಗಿಸಿ ಉಳಿದುಕೊಂಡರು, ಇಲ್ಲದವರು ತೋಟದಲ್ಲೇ ಕಳೆದುಕೊಂಡರು. ಸಮೀಪದಲ್ಲಿ ಹಣ್ಣನ್ನು ರಸವಾಗಿಸುವ ನಾಲ್ಕಾರು ಸಣ್ಣ ಘಟಕಗಳಿದ್ದರೆ ಎಂಬ ಮಾತು ಆಗ ಬೆಳೆಗಾರರ ಬಾಯಲ್ಲಿ ಬಂದದ್ದು ಸಹಜ.

ಒಂದು ಟನ್ ದ್ರಾಕ್ಷಿಯಿಂದ ಸುಮಾರು 250 ಕಿಲೋ ಒಣದ್ರಾಕ್ಷಿ ಬರುತ್ತದೆ. ಅದೇ ಟನ್ನು ವೈನಾದರೆ 600ರಿಂದ 700 ಲೀಟರು, ಅಂದರೆ ಎಂಟುನೂರಕ್ಕೂ ಹೆಚ್ಚು ಬಾಟಲಿ. ಲೆಕ್ಕ ಆಕರ್ಷಕವಾಗಿದೆ. ಹಾಗಿದ್ದರೆ ಜಮಖಂಡಿಯ ರೈತ ಏಕೆ ವೈನ್ ದ್ರಾಕ್ಷಿಯ ಕಡೆಗೆ ಹೊರಳಲಿಲ್ಲ? ಅವನಿಗೆ ಲೆಕ್ಕ ಬರುವುದಿಲ್ಲವೆಂದಲ್ಲ, ನಮಗಿಂತ ಚೆನ್ನಾಗಿಯೇ ಬರುತ್ತದೆ. ಥಾಮ್ಸನ್ ತಿನ್ನುವ ಹಣ್ಣು. ಅದರಿಂದಾಗುವ ವೈನು ತೆಳುವಾದುದು. ಒಳ್ಳೆಯ ವೈನಿಗೆ ಕ್ಯಾಬರ್ನೆ ಸೊವಿನ್ಯೋಂ, ಶಿರಾಜ್, ಶೆನಿನ್ ಬ್ಲಾಂಕ್ ಮುಂತಾದ ತಳಿಗಳು ಬೇಕು. ಅವು ಸಣ್ಣ ಹಣ್ಣಿನವು, ಬೀಜವುಳ್ಳವು. ಕರಾರು ಮಾಡಿಕೊಂಡ ವೈನರಿ ಕೈಯೆತ್ತಿದರೆ ಆ ಹಣ್ಣನ್ನು ಪೇಟೆಯಲ್ಲಿ ತಿನ್ನುವವರಿಲ್ಲ, ಶೆಡ್ಡಿನಲ್ಲಿ ಒಣಗಿಸಿದರೆ ಕೊಳ್ಳುವವರಿಲ್ಲ. ಥಾಮ್ಸನ್ ಬೆಳೆದವನಿಗೆ ಮೂರು ಬಾಗಿಲುಗಳು, ಕ್ಯಾಬರ್ನೆ ಬೆಳೆದವನಿಗೆ ಒಂದೇ ಬಾಗಿಲು. 2001ರಲ್ಲೇ ವೈನ್ ನೀತಿ ತಂದ ಮಹಾರಾಷ್ಟ್ರದಲ್ಲಿ 2008ರ ಆರ್ಥಿಕ ಹಿಂಜರಿತದ ನಂತರ ಇದೇ ನಡೆಯಿತು. ವೈನು ದಾಸ್ತಾನಾಗಿ ಉಳಿಯಿತು, ಖರೀದಿ ನಿಂತಿತು, ನಾಸಿಕ್‌ನ ಅನೇಕ ರೈತರು ವೈನ್ ಬಳ್ಳಿಗಳನ್ನು ಕಿತ್ತೊಗೆದರು. ಗಡಿಯಾಚೆಯ ಆ ಸುದ್ದಿ ಸಾವಳಗಿಗೆ ತಲುಪಲು ಹೆಚ್ಚು ದಿನ ಬೇಕಿರಲಿಲ್ಲ. ಇಲ್ಲಿನ ಬೆಳೆಗಾರರಿಗೆ ಸಸಿಯೂ ಸಲಹೆಯೂ ಅಲ್ಲಿಂದಲೇ ಬರುತ್ತವೆ.

ನಂದಿ ಬೆಟ್ಟದ ತಪ್ಪಲಿನಲ್ಲಿ ಮಾತ್ರ ಕಥೆ ಬೇರೆಯಾಯಿತು. ದೊಡ್ಡಬಳ್ಳಾಪುರದ ಬಳಿ ಗ್ರೋವರ್ ವಿನ್ಯಾರ್ಡ್ಸ್ ಸ್ಥಾಪನೆಯಾದದ್ದು 1988ರಲ್ಲಿ, ಯಾವ ವೈನ್ ನೀತಿಯೂ ಇಲ್ಲದ ಕಾಲದಲ್ಲಿ. ಅಲ್ಲಿಗೆ ಇಂದು ಶನಿವಾರ ಭಾನುವಾರಗಳಂದು ಬೆಂಗಳೂರಿನ ಜನ ಕಾರುಗಳಲ್ಲಿ ಹೋಗುತ್ತಾರೆ, ಹಣ ತೆತ್ತು ತೋಟ ನೋಡುತ್ತಾರೆ, ನೆಲಮಾಳಿಗೆಯ ಪೀಪಾಯಿಗಳ ನಡುವೆ ಫೋಟೊ ತೆಗೆಸಿಕೊಳ್ಳುತ್ತಾರೆ, ರುಚಿ ನೋಡಿ ಎರಡು ಬಾಟಲಿ ಕೊಂಡು ಮರಳುತ್ತಾರೆ. ಮೈಸೂರು ರಸ್ತೆಯ ಚನ್ನಪಟ್ಟಣದ ವೈನರಿಯೂ, 2017ರಲ್ಲಿ ನಾಸಿಕ್‌ನ ಸುಲಾ ಸಂಸ್ಥೆ ಅದನ್ನು ಕೊಂಡ ಮೇಲೆ, ಹೆದ್ದಾರಿಯ ಪ್ರವಾಸಿಯನ್ನೇ ನೆಚ್ಚಿದೆ. ಸಣ್ಣ ವೈನರಿಯನ್ನು ಬದುಕಿಸುವುದು ಮಣ್ಣಿಗಿಂತ ಹೆಚ್ಚಾಗಿ ಅದರ ಬಾಗಿಲಿಗೆ ಬರುವ ಮನುಷ್ಯ. ಅಂಗಡಿಯ ಕಪಾಟಿನಲ್ಲಿ ಅದು ದೊಡ್ಡ ಕಂಪೆನಿಯೊಡನೆ ಸೆಣಸಲಾರದು; ತನ್ನ ಅಂಗಳದಲ್ಲಿ ಸೆಣಸಬಲ್ಲದು. ಕರ್ನಾಟಕದ ನಿಯಮಗಳು ವೈನ್ ಟ್ಯಾವರ್ನ್, ವೈನ್ ಬೊಟೀಕ್ ಎಂಬ ಹೆಸರಿನಲ್ಲಿ ಈ ಬಾಗಿಲನ್ನು ತೆರೆದವು, ನಿಜ. ಆದರೆ ಕೃಷ್ಣಾ ಕಣಿವೆಯಲ್ಲಿ ಆ ಬಾಗಿಲಿಗೆ ಬರುವವರು ಯಾರು? ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳನ್ನು ನೋಡಲು ಬರುವ ಪ್ರವಾಸಿ ಅಲ್ಲಿಂದ ನೇರವಾಗಿ ಹಂಪಿಗೋ ವಿಜಯಪುರಕ್ಕೋ ಹೊರಟುಹೋಗುತ್ತಾನೆ. ಬಾದಾಮಿಯಿಂದ ಎರಡು ಗಂಟೆಯೊಳಗಿನ ದಾರಿಯಲ್ಲಿರುವ ಮುಧೋಳವನ್ನು ಅವನು ಬೇಟೆನಾಯಿಯ ಹೆಸರಿನಿಂದ ಬಲ್ಲನೇ ಹೊರತು ಕಂಡಿರುವುದಿಲ್ಲ. ರನ್ನನ ಊರೆಂದು ಬಲ್ಲವರು ಇನ್ನೂ ಕಡಿಮೆ.

ದ್ರಾಕ್ಷಿಯ ಮಾತು ಇಷ್ಟಾದರೆ, ಈ ನಾಲ್ಕು ತಾಲ್ಲೂಕುಗಳ ನಿಜವಾದ ರಸ ಕಬ್ಬಿನದು. ಅದು ಬಂದ ಬಗೆಯನ್ನು ನೆನೆಯದೆ ಮುಂದೆ ಹೋಗಲಾಗದು. 1989ರಲ್ಲಿ ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯ ಬಳಿ ಕೃಷ್ಣೆಗೆ ಅಡ್ಡಲಾಗಿ ರೈತರೇ ಹಣ ಕೂಡಿಸಿ, ಮೈಮುರಿದು ದುಡಿದು ಬ್ಯಾರೇಜ್ ಕಟ್ಟಿಕೊಂಡರು. ಮುಂದಾಳು ಸಿದ್ದು ನ್ಯಾಮಗೌಡರು. ಶ್ರಮಬಿಂದು ಸಾಗರ ಎಂಬ ಹೆಸರು ಆ ನೀರಿಗೆ ತಕ್ಕುದೇ. ಎರಡು ವರ್ಷಗಳ ನಂತರ ಬಾಗಲಕೋಟೆ ಲೋಕಸಭಾ ಕ್ಷೇತ್ರದಲ್ಲಿ ರಾಮಕೃಷ್ಣ ಹೆಗಡೆಯವರನ್ನು ಅವರು ಸೋಲಿಸಿದಾಗ ರಾಜಧಾನಿಯ ಪಂಡಿತರು ಅಚ್ಚರಿಪಟ್ಟರು, ಈ ಸೀಮೆಯವರು ಪಡಲಿಲ್ಲ. ಅನಂತರ ಹಿಪ್ಪರಗಿ ಬ್ಯಾರೇಜ್ ಬಂತು, ಆಲಮಟ್ಟಿಯ ಹಿನ್ನೀರು ಬೀಳಗಿಯ ಊರುಗಳನ್ನು ಮುಳುಗಿಸಿ ಪುನರ್ವಸತಿ ಕೇಂದ್ರಗಳಿಗೆ ಅಟ್ಟಿತು. ನೀರು ನಿಂತಲ್ಲೆಲ್ಲ ಕಬ್ಬು ನಿಂತಿತು; ಕಬ್ಬು ನಿಂತಲ್ಲಿ ಚಿಮಣಿ ಎದ್ದಿತು. ಜಮಖಂಡಿ ತಾಲ್ಲೂಕಿನ ಕಂಕಣವಾಡಿ, ಮುತ್ತೂರು ನಡುಗಡ್ಡೆಗಳ ಸುತ್ತ ನೀರು ತುಂಬಿದಾಗ ಅಲ್ಲಿನ ಕಬ್ಬು ಬಾರ್ಜ್ ಏರಿ ನದಿ ದಾಟಿ ಕಾರ್ಖಾನೆಗೆ ಹೋಗಬೇಕು. ದ್ವೀಪದ ಬೆಳೆ, ದಡದ ಬೆಲೆ.

ಕಾರ್ಖಾನೆಯೊಳಗೆ ನಡೆಯುವುದೇನೆಂಬುದು ಓದುಗರಿಗೆ ತಿಳಿದದ್ದೇ. ಒಂದು ಟನ್ ಕಬ್ಬಿನಿಂದ ಸುಮಾರು ನೂರು ಕಿಲೋ ಸಕ್ಕರೆ, ನಲವತ್ತೈದು ಕಿಲೋದಷ್ಟು ಕಾಕಂಬಿ. ಕಾಕಂಬಿಯಿಂದ ಮದ್ಯಸಾರ, ಮದ್ಯಸಾರದ ಒಂದು ಪಾಲು ಬಣ್ಣ ಪರಿಮಳ ಸೇರಿ ಊರೂರಿನ ಅಂಗಡಿಗೆ, ಇನ್ನೊಂದು ಪಾಲು ಇಥೆನಾಲ್ ಆಗಿ ಪೆಟ್ರೋಲಿಗೆ. 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿಯ ನಂತರ ಈ ಎರಡನೆಯ ಕೊಳವೆ ಹಿಗ್ಗಿತು. 2025ರಲ್ಲಿ ದೇಶ ಪೆಟ್ರೋಲಿಗೆ ಶೇಕಡ 20ರಷ್ಟು ಇಥೆನಾಲ್ ಬೆರೆಸುವ ಗುರಿ ಮುಟ್ಟಿತು. ಮುಧೋಳ, ಸಮೀರವಾಡಿಗಳ ಡಿಸ್ಟಿಲರಿಗಳಿಗೆ ಇದರಲ್ಲಿ ದೊಡ್ಡ ಪಾಲಿದೆ. ಆದರೆ ಕೊಳವೆ ಎಷ್ಟೇ ದೊಡ್ಡದಾದರೂ ಅದರ ತಿರುಪು ದೆಹಲಿಯಲ್ಲಿದೆ. ಸಕ್ಕರೆ ಉತ್ಪಾದನೆ ಕುಸಿಯುವ ಭಯದಿಂದ 2023ರ ಡಿಸೆಂಬರ್‌ನಲ್ಲಿ ಕಬ್ಬಿನ ರಸದಿಂದ ನೇರವಾಗಿ ಇಥೆನಾಲ್ ಮಾಡುವುದನ್ನು ಕೇಂದ್ರ ನಿರ್ಬಂಧಿಸಿತು, ಮರುವರ್ಷ ಸಡಿಲಿಸಿತು. ಈ ಏರಿಳಿತದಲ್ಲಿ ಕಬ್ಬು ಕೊಟ್ಟವನ ಮಾತಿಗೆ ಜಾಗವಿಲ್ಲ. 2025ರ ನವೆಂಬರ್‌ನ ಕಬ್ಬು ಬೆಲೆಯ ಹೋರಾಟದಲ್ಲಿ ಟನ್ನಿಗೆ 3,300 ರೂಪಾಯಿಯ ದರ ನಿಗದಿಯಾದ ಮೇಲೂ ಮುಧೋಳ ಭಾಗ ತಣ್ಣಗಾಗಲಿಲ್ಲ. ಸಮೀರವಾಡಿಯಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರುಗಳು ಹೊತ್ತಿ ಉರಿದವು. ಬೆಂಕಿಯನ್ನು ಯಾರೂ ಸಮರ್ಥಿಸಲಾರರು. ಆದರೆ ಬೆಳೆದದ್ದನ್ನು ಒಂದೇ ಬಗೆಯ ಖರೀದಿದಾರನಿಗೆ ಮಾರಬೇಕಾದವನ ಅಸಹನೆಯನ್ನು ಅರ್ಥಶಾಸ್ತ್ರದ ವಿದ್ಯಾರ್ಥಿ ತಿಳಿಯದಿರಲಾರ.

ಚಿಮಣಿಯಿಂದ ತಪ್ಪಿಸಿಕೊಂಡ ಕಬ್ಬು ಗಾಣಕ್ಕೆ ಹೋಗುತ್ತದೆ. ಮಹಾಲಿಂಗಪುರದ ಬೆಲ್ಲದ ಪೇಟೆ ಹಳೆಯದು, ಹೆಸರಾದದ್ದು. ಸುತ್ತಲಿನ ಗಾಣದ ಮನೆಗಳಲ್ಲಿ ಕೊಪ್ಪರಿಗೆಯ ಮುಂದೆ ನಿಂತು ಪಾಕದ ಹದವನ್ನು ಕಣ್ಣಿನಿಂದಲೇ ಅಳೆಯುವವರು ಇಂದಿಗೂ ಇದ್ದಾರೆ. ನಾನು ಹೋದ ಗಾಣದ ಮನೆಯಲ್ಲಿ ಮೊದಲು ಕೈಗಿತ್ತದ್ದು ಒಂದು ದೊಡ್ಡ ಲೋಟ ಕಬ್ಬಿನ ಹಾಲು, ಆಮೇಲೆ ಬಿಸಿ ಬೆಲ್ಲದ ಒಂದು ತುಣುಕು. ಕಬ್ಬಿನ ಹಾಲಿನಂಥ ಪೇಯ ನಮ್ಮಲ್ಲಿ ಮತ್ತೊಂದಿಲ್ಲವೆಂದೇ ನನ್ನ ಅಭಿಪ್ರಾಯ. ಆದರೆ ಹಿಂಡಿದ ಕೆಲವೇ ಗಂಟೆಗಳಲ್ಲಿ ಅದು ಕಪ್ಪಾಗಿ ಹುಳಿಯುತ್ತದೆ. ಹಾಗೆ ಹುಳಿಯುವ ಗುಣವೇ ರಮ್ ಎಂಬ ಪಾನೀಯದ ಮೂಲ ಎಂಬುದನ್ನು ನಾನು ಕಣ್ಣಾರೆ ಕಂಡದ್ದು ದೂರದ ಒಂದು ದ್ವೀಪದಲ್ಲಿ.

ಮಾರಿಷಸ್‌ಗೆ ಹೋಗುವ ಭಾರತೀಯರು ಕಡಲತೀರಕ್ಕೆ ಹೋಗುತ್ತಾರೆ. ನಿವೃತ್ತಿಯ ನಂತರ ಮನೆಯವರೊಡನೆ ಹೋದ ನಾನೂ ಹೋದೆ. ಆದರೆ ಕಾರಿನ ಕಿಟಕಿಯಿಂದ ಕಂಡದ್ದೆಲ್ಲ ಮುಧೋಳವೇ: ಎತ್ತ ನೋಡಿದರೂ ಕಬ್ಬು. 1834ರಿಂದಾಚೆಗೆ ಕರಾರು ಕೂಲಿಗಳಾಗಿ ಹಡಗೇರಿದ ನಮ್ಮವರ ಬೆವರಿನಲ್ಲಿ ಬೆಳೆದ ಕಬ್ಬು ಅದು. ಅಲ್ಲಿನ ಸಕ್ಕರೆಗೆ ಯುರೋಪು ದಶಕಗಳ ಕಾಲ ವಿಶೇಷ ಬೆಲೆ ಕೊಡುತ್ತಿತ್ತು. ತನ್ನ ಸಕ್ಕರೆ ನೀತಿಯನ್ನು ಬದಲಿಸಿಕೊಂಡ ಯುರೋಪು 2006ರಿಂದ 2009ರವರೆಗೆ ಆ ಬೆಲೆಯನ್ನು ಹಂತಹಂತವಾಗಿ ಶೇಕಡ 36ರಷ್ಟು ಇಳಿಸಿತು. ದ್ವೀಪ ಕುಳಿತು ಅಳಲಿಲ್ಲ. ಅದುವರೆಗೆ ಕಾಕಂಬಿಯಿಂದ ಮಾತ್ರ ರಮ್ ಮಾಡಬಹುದಿತ್ತು, ಕಬ್ಬಿನ ರಸವನ್ನು ಸಕ್ಕರೆಗೇ ಮೀಸಲಿಡಬೇಕಿತ್ತು. 2006ರ ಸುಮಾರಿಗೆ ಆ ಕಾನೂನನ್ನು ಬದಲಿಸಿದರು. 2008ರಲ್ಲಿ ನೈರುತ್ಯದ ಗುಡ್ಡಗಳ ನಡುವಿನ ಶಮರೆಲ್‌ನಲ್ಲಿ ಒಂದು ಪುಟ್ಟ ರಮ್ ತಯಾರಿಕಾ ಕೇಂದ್ರ ಬಾಗಿಲು ತೆರೆಯಿತು. ದಕ್ಷಿಣದ ಸೇಂಟ್ ಓಬಾಂ ತೋಟದ ಹಳೆಯ ಬಂಗಲೆಯಲ್ಲೂ ಇಂಥದೇ ಇದೆ. ಶಮರೆಲ್‌ನಲ್ಲಿ ಪ್ರವೇಶಕ್ಕೆ ಟಿಕೆಟ್ಟು. ಕಬ್ಬಿನ ಗದ್ದೆ, ಅರೆಯುವ ಯಂತ್ರ, ಹುಳಿಯಿಡುವ ತೊಟ್ಟಿ, ತಾಮ್ರದ ಭಟ್ಟಿ, ಓಕ್ ಪೀಪಾಯಿ, ಎಲ್ಲವನ್ನೂ ಒಬ್ಬ ಯುವತಿ ವಿವರಿಸಿ ಕೊನೆಗೆ ಪುಟ್ಟ ಲೋಟಗಳ ಮುಂದೆ ಕೂರಿಸಿದಳು. ಮದ್ಯದ ಅಭ್ಯಾಸವಿಲ್ಲದ ನಾನು ಪರಿಮಳಕ್ಕಷ್ಟೇ ತೃಪ್ತನಾದೆ. ಗಾಣದ ಮನೆಯ ಪರಿಮಳವೇ ಅದು, ತುಸು ವಿದ್ಯಾವಂತವಾಗಿತ್ತು. ಜತೆಯಲ್ಲಿದ್ದ ಅಳಿಯ ನನ್ನ ಪಾಲನ್ನು ವ್ಯರ್ಥವಾಗಗೊಡಲಿಲ್ಲ.

ಈ ದ್ವೀಪವನ್ನು ಆದರ್ಶವೆಂದು ಎತ್ತಿ ಹಿಡಿಯಲು ನಾನು ಸಿದ್ಧನಿಲ್ಲ. ಹೊಸ ರಮ್ ಘಟಕಗಳು ಹುಟ್ಟಿದ್ದು ಹೆಚ್ಚಾಗಿ ಬಂಡವಾಳವೂ ಭೂಮಿಯೂ ಇದ್ದ ತೋಟಗಳಲ್ಲಿ. ಅದೇ ವರ್ಷಗಳಲ್ಲಿ ಭಾರತೀಯ ಮೂಲದ ಸಾವಿರಾರು ಸಣ್ಣ ಹಿಡುವಳಿದಾರರು ಕಬ್ಬನ್ನೇ ಬಿಟ್ಟರು. ಆದರೂ ಒಂದು ಸಂಗತಿ ಮನಸ್ಸಿನಲ್ಲಿ ನಿಂತಿತು. ಕಾನೂನಿನಲ್ಲಿ ಒಂದು ಸಾಲು ಬದಲಾದದ್ದರಿಂದ ಕಬ್ಬಿಗೆ ಒಂದು ಹೊಸ ಬಾಗಿಲು ತೆರೆಯಿತು, ಮತ್ತು ಆ ಬಾಗಿಲು ಬಂದರಿನಲ್ಲಲ್ಲ, ಗದ್ದೆಯ ಪಕ್ಕದಲ್ಲಿ ತೆರೆಯಿತು.

ನಮ್ಮಲ್ಲಿಯೂ ಬಾಗಿಲು ತೆರೆಯುತ್ತಿದೆ, ಬೇರೆ ಊರಿನಲ್ಲಿ. ಸಿಂಗಲ್ ಮಾಲ್ಟ್ ವಿಸ್ಕಿಗೆ ಹೆಸರಾದ ಬೆಂಗಳೂರಿನ ಅಮೃತ್ ಡಿಸ್ಟಿಲರಿ ಈಚೆಗೆ 'ಬೆಲ್ಲ' ಎಂಬ ಅಚ್ಚಗನ್ನಡ ಹೆಸರಿನಲ್ಲೇ ಬೆಲ್ಲದ ರಮ್ಮನ್ನು ಹೊರತಂದಿದೆ. ನಂಜನಗೂಡಿನ ಬಳಿಯ ಒಂದು ಕಿರು ಡಿಸ್ಟಿಲರಿ 'ಹುಲಿ' ಎಂಬ ಹೆಸರಿನಲ್ಲಿ ಬೆಲ್ಲದ ಮದ್ಯ ತಯಾರಿಸುತ್ತಿದೆ. ಇವರ ಸಾಹಸವನ್ನು ಮೆಚ್ಚಲೇಬೇಕು. ಆದರೆ ರಾಜ್ಯದ ಬೆಲ್ಲದ ಪೇಟೆಗಳಲ್ಲಿ ಹೆಸರಾದ ಮಹಾಲಿಂಗಪುರದಲ್ಲಿ ನಿಂತು ಈ ಸುದ್ದಿಯನ್ನು ಹೇಳಿದಾಗ ಅಡತಿ ಅಂಗಡಿಯ ಯಜಮಾನರು ನಕ್ಕು, "ನಮ್ಮ ಬೆಲ್ಲಕ್ಕ ಹೆಸರು ಅವರಿಟ್ರೇನ್ರಿ" ಎಂದರು. ಅವರ ಪೆಂಟೆಗಳಿಗೆ ಊರಿನ ಹೆಸರಿದೆ. ಬೆಳೆದವನ ಹೆಸರಿಲ್ಲ, ತಯಾರಿಸಿದವನ ಹೆಸರಿಲ್ಲ.

ಇಲ್ಲೇಕೆ ಆಗಲಿಲ್ಲ ಎಂಬುದಕ್ಕೆ ಅರ್ಧ ಉತ್ತರ ಇತಿಹಾಸದಲ್ಲಿದೆ. ಪಾನೀಯಗಳಿಗೇ ಒಂದು ಅಧ್ಯಾಯ ಮೀಸಲಿಟ್ಟ 'ಮಾನಸೋಲ್ಲಾಸ'ವನ್ನು ಬರೆಸಿದ ಕಲ್ಯಾಣ ಚಾಲುಕ್ಯರ ಸೀಮೆ ಇದು. ಆದರೆ 1948ರಲ್ಲಿ ಪಟವರ್ಧನರ ಜಮಖಂಡಿ, ಘೋರ್ಪಡೆಯವರ ಮುಧೋಳ ಸಂಸ್ಥಾನಗಳು ಮುಂಬಯಿ ಪ್ರಾಂತಕ್ಕೆ ಸೇರಿದವು. ಮರುವರ್ಷ ಮುಂಬಯಿ ಪಾನನಿರೋಧ ಕಾಯ್ದೆ ಬಂತು. ರಸ ಹುಳಿಯುವುದೆಂದರೆ ಪೊಲೀಸು ಬರುವುದೆಂದೇ ಒಂದು ತಲೆಮಾರು ಬೆಳೆಯಿತು. ಪಾನನಿರೋಧ ಹೋದ ಮೇಲೆ ಬಂದದ್ದು ಸಾರಾಯಿ ಗುತ್ತಿಗೆ. ಆಳುವವರ ದೃಷ್ಟಿಯಲ್ಲಿ ಮದ್ಯವೆಂಬುದು ಒಂದೋ ಅಪರಾಧ, ಇಲ್ಲವೇ ಆದಾಯ. ಕಸುಬು ಎಂದೂ ಆಗಲಿಲ್ಲ. 2025-26ರ ರಾಜ್ಯ ಬಜೆಟ್ಟಿನಲ್ಲಿ ಅಬಕಾರಿಯಿಂದ ನಿರೀಕ್ಷಿಸಿದ್ದು 40,000 ಕೋಟಿ ರೂಪಾಯಿ. ಇಷ್ಟು ದೊಡ್ಡ ಹೊಳೆಯನ್ನು ಕಾಯುವ ಇಲಾಖೆಗೆ ವರ್ಷಕ್ಕೆ ಕೆಲವು ಸಾವಿರ ಬಾಟಲಿ ಮಾಡುವವನು ಲಾಭವಲ್ಲ, ತಲೆನೋವು. ಕಾವಲು, ಬೀಗ, ವಹಿ, ತಪಾಸಣೆ ಇವೆಲ್ಲ ಉತ್ಪಾದನೆ ಸಣ್ಣದಾಯಿತೆಂದು ಸಣ್ಣದಾಗುವುದಿಲ್ಲ. ಅವುಗಳ ವೆಚ್ಚ ಬಾಟಲಿಯ ಮೇಲೆ ಕೂರುತ್ತದೆ. ನಾನೂ ಸರ್ಕಾರಿ ಮೇಜಿನ ಹಿಂದೆ ಮೂರು ದಶಕ ಕುಳಿತವನು. ಕಡತ ಚಿಕ್ಕದಿದ್ದಷ್ಟೂ ಅದು ನಿಧಾನವಾಗಿ ಚಲಿಸುತ್ತದೆ ಎಂಬುದು ಅಲ್ಲಿ ಕಲಿತ ಪಾಠ. ನಗರದ ಒತ್ತಾಯವಿದ್ದರೆ ಮಾತು ಬೇರೆ: ಕಿರು ಬಿಯರ್ ತಯಾರಿಕೆಗೆ 2010ರ ನಂತರ ಬೆಂಗಳೂರಿನಲ್ಲಿ ದಾರಿ ತೆರೆದದ್ದನ್ನು, ಇಂದು ಹತ್ತಾರು ಮೈಕ್ರೊಬ್ರೂವರಿಗಳು ಅಲ್ಲಿ ತುಂಬಿ ತುಳುಕುವುದನ್ನು ಎಲ್ಲರೂ ಬಲ್ಲರು.

ಉಳಿದರ್ಧ ಉತ್ತರ ನನಗೆ ದೊರೆತದ್ದು ರಬಕವಿಯಲ್ಲಿ. ಮಗ್ಗದ ಸದ್ದಿನ ನಡುವೆ, ಅಳಿಯನ ವಯಸ್ಸಿನ ಮಗನನ್ನು ಕುಡಿತಕ್ಕೆ ಕಳೆದುಕೊಂಡ ತಾಯಿಯೊಬ್ಬರು ನನ್ನ ಪ್ರವಾಸದ ಉದ್ದೇಶವನ್ನು ಕೇಳಿ ತಿಳಿದು, ಕೈಯಲ್ಲಿದ್ದ ಕಂಡಿಕೆಯನ್ನು ಕೆಳಗಿಟ್ಟರು. "ಪಾಕೀಟ್ ಹೋತು ಅಂತ ಖುಷಿ ಪಟ್ಟಿವ್ರಿ. ಬಾಟ್ಲಿ ಬಂತು. ಈಗ ನೀವು ಹೊಲ್ದಾಗೂ ಮಾಡಸ್ತೀರೇನ್ರಿ ಅಪ್ಪಾರ?" ಎಂದು ಕೇಳಿದರು. ನನ್ನ ಬಳಿ ಸಿದ್ಧ ಉತ್ತರವಿರಲಿಲ್ಲ. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಮದ್ಯ ನಿಷೇಧಕ್ಕಾಗಿ ನಡೆದು ಬಂದ ಸಾವಿರಾರು ಹೆಂಗಸರಲ್ಲಿ ಉತ್ತರ ಕರ್ನಾಟಕದವರೇ ಹೆಚ್ಚು. ಕುಡಿತದ ಮನೆಯಲ್ಲಿ ಬದುಕಿದವರ ಮುಂದೆ ಮೌಲ್ಯವರ್ಧನೆ ಎಂಬ ಪದ ಬಹಳ ಹಗುರಾಗಿ ಕೇಳಿಸುತ್ತದೆ.

ಆದರೂ ಆ ತಾಯಿಯ ಮಗನನ್ನು ಕೊಂದದ್ದು ಯಾವುದು ಎಂಬುದನ್ನು ನೋಡಬೇಕು: ಅಗ್ಗದ, ಬೇಗ ಏರುವ, ಪ್ರತಿ ಊರಿನ ಗೂಡಂಗಡಿಯಲ್ಲಿ ಕದ್ದು ಮಾರುವ ಬಾಟಲಿ. ಅದು ಬರುವುದು ದೊಡ್ಡ ಕೊಳವೆಯಿಂದ. ದುಬಾರಿಯಾದ, ಕಡಿಮೆ ತೀಕ್ಷ್ಣತೆಯ, ತಯಾರಾದ ಅಂಗಳದಲ್ಲೇ ಹೊರಗಿನವರಿಗೆ ಮಾರುವ ವೈನು ಆ ಗೂಡಂಗಡಿಗೆ ಇಳಿಯುವುದು ಕಷ್ಟ. ಆದ್ದರಿಂದ ವೈನಿಗೂ ಭಟ್ಟಿ ಇಳಿಸಿದ ಮದ್ಯಕ್ಕೂ ಗೆರೆ ಎಳೆಯುವುದು ನನಗೆ ಸರಿಯೆನಿಸುತ್ತದೆ. ಬೆಲ್ಲದ ಮದ್ಯಕ್ಕೆ ಸದ್ಯಕ್ಕೆ ಈ ನಾಲ್ಕು ತಾಲ್ಲೂಕುಗಳಲ್ಲಿ ಒಂದೋ ಎರಡೋ ಸಹಕಾರಿ ಘಟಕ ಸಾಕು. ಗಾಣದ ಮಾಲೀಕರು ಅದರಲ್ಲಿ ಷೇರುದಾರರಾಗಿರಬೇಕು, ಮಾಲು ಜಿಲ್ಲೆಯ ಹೊರಗೆ ಮಾತ್ರ ಮಾರಾಟವಾಗಬೇಕು. ರೈತರೇ ಬ್ಯಾರೇಜ್ ಕಟ್ಟಿದ ನೆಲದಲ್ಲಿ ಇದು ಅಸಾಧ್ಯವಾದ ಕಲ್ಪನೆಯೇನಲ್ಲ.

ದ್ರಾಕ್ಷಿಯ ವಿಷಯದಲ್ಲಿ ಕೆಲಸ ಇನ್ನೂ ಸರಳ. ಐದಾರು ಎಕರೆಯ ಬೆಳೆಗಾರನಿಗೆ ತನ್ನ ಹಣ್ಣಿನಿಂದ, ಗೊತ್ತುಪಡಿಸಿದ ಮಿತಿಯೊಳಗೆ ವೈನು ತಯಾರಿಸಿ ಅಂಗಳದಲ್ಲಿ ಮಾರುವ ಪ್ರತ್ಯೇಕ ಪರವಾನಗಿ ಬೇಕು. ತಿಂಗಳಿಗೊಂದು ವಹಿ, ವರ್ಷಕ್ಕೊಂದು ತಪಾಸಣೆ ಸಾಕು. 2008ರಿಂದ ಬಾಗಲಕೋಟೆಯಲ್ಲೇ ಇರುವ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ ಈ ಮಣ್ಣಿಗೆ ಒಗ್ಗುವ, ವೈನಿಗೂ ಒಣಗಿಸಲೂ ಎರಡಕ್ಕೂ ಸಲ್ಲುವ ತಳಿಯನ್ನು ಶಿಫಾರಸು ಮಾಡಿದರೆ ರೈತನ ಎರಡನೆಯ ಬಾಗಿಲು ಉಳಿಯುತ್ತದೆ. ಹಂಪಿಯ ಗುಡ್ಡಗಳಲ್ಲಿ ಕೃಷ್ಮಾ ಎಸ್ಟೇಟ್ ಒಳ್ಳೆಯ ಕೆಂಪು ವೈನ್ ತೆಗೆದು ಹೆಸರು ಮಾಡಿದೆ. ನಮ್ಮ ಬಿಸಿಲಿಗೆ ದ್ರಾಕ್ಷಾರಸ ಒಗ್ಗದು ಎಂಬ ಮಾತು ಇನ್ನು ನಡೆಯದು. ಪ್ರವಾಸೋದ್ಯಮ ಇಲಾಖೆ ಬಾದಾಮಿಯ ನಕ್ಷೆಯಲ್ಲಿ ಒಂದು ಗೆರೆಯನ್ನು ಮುಧೋಳ, ಮಹಾಲಿಂಗಪುರ, ಜಮಖಂಡಿಗಳವರೆಗೆ ಎಳೆಯಲಿ. ಆ ಗೆರೆಯ ಮೇಲೆ ಗಾಣದ ಮನೆಯೂ ಕೈಮಗ್ಗವೂ ಒಣದ್ರಾಕ್ಷಿಯ ಶೆಡ್ಡೂ ಇರಲಿ, ಕುಡಿಯದವರಿಗೆ ಕಬ್ಬಿನ ಹಾಲು ಇರಲಿ.

ಇನ್ನೊಂದು ಷರತ್ತು ನನ್ನದಲ್ಲ, ರಬಕವಿಯ ಆ ತಾಯಿಯದು. ಹೊರಡುವಾಗ ಅವರು ಹೇಳಿದ್ದನ್ನು ಅಧಿಕಾರಿಯ ಭಾಷೆಗೆ ತಿರುಗಿಸಿದರೆ ಹೀಗಾಗುತ್ತದೆ: ಇಂಥ ಯಾವ ಪರವಾನಗಿಯ ಅರ್ಜಿಯೂ ಮೊದಲು ಆ ಊರಿನ ಮಹಿಳಾ ಗ್ರಾಮಸಭೆಯ ಮುಂದೆ ಬರಬೇಕು, ಅವರು ಬೇಡವೆಂದರೆ ಜಿಲ್ಲಾಧಿಕಾರಿಯೂ ಬೇಡವೆನ್ನಬೇಕು, ಹೌದೆಂದವರಿಗೆ ಪ್ರತಿ ವರ್ಷ ಮರುಯೋಚಿಸುವ ಹಕ್ಕು ಇರಬೇಕು.